ಅತ್ತೆ ಹೇಳಿದ ಒಂದೇ ನಿಜ

ನನ್ನ ಸೋದರತ್ತೆ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ನಿಜ ಹೇಳಿದ್ದಾಳೆ. ಅದೂ ಎಪ್ಪತ್ತು ಎಂಬತ್ತು ಜನರ ಎದುರು, ಕೈಯಲ್ಲಿ ಮೈಕ್ ಹಿಡಿದು! ಆ ಒಂದು ಸಲವೂ ಸುಳ್ಳನ್ನೇ ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ನಾನು ಬಹಳ ದಿನ ಹಲ್ಲು ಕಡಿದುಕೊಂಡು ಓಡಾಡಿದ್ದೇನೆ.

ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ನವಿ ಮುಂಬಯಿಯ ಕೋಪರಖೈರಣೆಯ ಒಂದು ಖೋಲಿಯಲ್ಲಿ ನೆಲೆಸಿ, ನನ್ನಪ್ಪ ತೀರಿಕೊಂಡ ಮೇಲೆ ಎರಡು ವರ್ಷದ ನನ್ನನ್ನು ಸಾಕಿದವಳು ಇವಳು. ಅಕ್ಷರ ಬಾರದು. ಆದರೆ ಬುನಾದಿಯೇ ಇಲ್ಲದೆ ಏಳು ಅಂತಸ್ತಿನ ಸುಳ್ಳು ಎಬ್ಬಿಸುವುದು ಬರುತ್ತಿತ್ತು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗದಿದ್ದರೆ ನನ್ನನ್ನು ತೋರಿಸಿ, "ಪೋರಿ ಕಾ ಅಪೆಂಡಿಕ್ಸ್ ಕಾ ಆಪರೇಶನ್ ಹುವಾ ಹೈ" ಎಂದು ಕೂಗುತ್ತಿದ್ದಳು. ಮೂವರು ಹೆಂಗಸರು ಎದ್ದು ನಿಲ್ಲುತ್ತಿದ್ದರು. ನಾನು ಠಾಣೆಯವರೆಗೂ ಬಲಹೊಟ್ಟೆ ಹಿಡಿದುಕೊಂಡು ನರಳಬೇಕು. ಒಮ್ಮೆ ಮರುದಿನವೂ ಅದೇ ಹೆಂಗಸರು ಸಿಕ್ಕರು. ಗಾಬರಿಯಲ್ಲಿ ಎಡಹೊಟ್ಟೆ ಹಿಡಿದುಬಿಟ್ಟೆ! ಅತ್ತೆ ಕಣ್ಣೂ ಮಿಟುಕಿಸದೆ, "ನಿನ್ನೆ ಆ ಬಾಜೂ, ಇವತ್ತು ಈ ಬಾಜೂ. ಡಾಕ್ಟರ್ ಎರಡೂ ತಗದಾನ" ಎಂದಳು.

ನಗಬೇಡಿ. ನನಗೆ ನಗು ಬರುತ್ತಿರಲಿಲ್ಲ. ಏಕೆಂದರೆ ನನ್ನ ತಾಯಿಯನ್ನೂ ಅವಳು ಹೀಗೆಯೇ ಮೂರು ಸಲ ಸಾಯಿಸಿದ್ದಳು. ಶಾಲೆಯ ಹೆಡ್‌ಮಾಸ್ತರರ ಎದುರು ಹಾವು ಕಚ್ಚಿ. ರೇಶನ್ ಕಚೇರಿಯಲ್ಲಿ ಕಾಮಾಲೆಯಿಂದ. ಪಕ್ಕದ ಖೋಲಿಯ ಮರಾಠಿ ಆಜಿಯ ಎದುರು ಬಾವಿಗೆ ಬಿದ್ದು. ಖರೆ ಯಾವುದು ಎಂದು ಕೇಳಿದರೆ, "ಸತ್ತಾಳಲ್ಲ, ಸಾಲದೇನು? ಹ್ಯಾಂಗ ಸತ್ತರೇನು!" ಎನ್ನುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದವಳಿಗೆ ಯಾರಾದರೂ ತಾಯಿಯನ್ನು ತೋರಿಸುತ್ತೇವೆ ಎಂದರೆ ಯಾವ ಮಠಕ್ಕಾದರೂ ಹೋಗುತ್ತಾಳೆ, ಅಲ್ಲವೆ?

ನಾನು ಹೋದದ್ದು ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆಗೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ನನಗೆ ಹದಿನೇಳು. ಬಿಳಿ ಅಂಗಿ, ಕಪ್ಪು ಟೈ ಕಟ್ಟಿದ ಇಬ್ಬರು ತರುಣರು ಪುಕ್ಕಟೆ ಇಂಗ್ಲಿಷ್ ಕಲಿಸುತ್ತಿದ್ದರು. ಇಂಗ್ಲಿಷಿಗೆ ಹೋದವಳು ಪ್ರಾರ್ಥನೆಗೂ ಕೂತೆ. ಅವರಿಬ್ಬರನ್ನೂ "ಎಲ್ಡರ್" ಎಂದು ಕರೆಯಬೇಕು, ಅಂದರೆ ಹಿರಿಯರು. ಮನೆಗೆ ಬಂದಾಗ ಅತ್ತೆ ಅವರ ಗಲ್ಲ ಹತ್ತಿರದಿಂದ ನೋಡಿ, "ಮೀಸಿ ಬಂದಿಲ್ಲ, ಇವ್ರು ಹಿರೇರಾ?" ಎಂದಳು. ಆಮೇಲೆ ಚಹಾ ಕೊಟ್ಟಳು. ನಾವು ಚಹಾ ಕುಡಿಯುವುದಿಲ್ಲ ಎಂದರು. ಕಾಫಿಯನ್ನೂ ಇಲ್ಲ. "ಹಂಗಂದ್ರ ಬೆಳಿಗ್ಗೆ ಯಾಕ ಏಳ್ತೀರಿ?" ಎಂದು ಕೇಳಿದಳು. ಪಾಪ, ಅವರು ನೀರು ಕೇಳಿ ಕುಡಿದರು.

ಆ ವರ್ಷ ಸಭೆಯವರು ಹುಡುಗ ಹುಡುಗಿಯರಿಗಾಗಿ ಎರಡು ದಿನದ ಶಿಬಿರ ಮಾಡಿದರು. ಠಾಣೆಯ ವರ್ತಕ ನಗರದ ಆಚೆ, ಗುಡ್ಡದ ಬುಡದಲ್ಲಿ ಒಂದು ಬಾಡಿಗೆ ಬಂಗಲೆ. ವಿಷಯ: ನಂಬಿಕೆ ಮತ್ತು ಪೂರ್ವಜರು. ಪ್ರತಿಯೊಬ್ಬರೂ ನಾಲ್ಕು ತಲೆಮಾರಿನ ಹೆಸರು, ಹುಟ್ಟು ಸಾವಿನ ವಿವರ ಬರೆದ ಹಾಳೆ ತರಬೇಕು. ಶನಿವಾರ ಮಧ್ಯಾಹ್ನ ಕಥೆ ಹೇಳಲು ಮನೆಯ ಹಿರಿಯರೊಬ್ಬರನ್ನು ಕರೆತರಬೇಕು. ಶಿಬಿರ ನಡೆಸುತ್ತಿದ್ದವರು ಸಭೆಯ ಒಬ್ಬ ಅಕ್ಕ; ಊರು ಬೆಂಗಳೂರು, ಮನೆ ಸಾನಪಾಡಾದಲ್ಲಿ. ಮೃದು ಮಾತಿನ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನಿಮ್ಮಮ್ಮನ ಹೆಸರು ಕಳ್ಸೋಣ ಕಣೇ. ದೂರದ ನಮ್ಮ ದೇವಾಲಯದಲ್ಲಿ ಒಬ್ಬ ಹುಡುಗಿ ಅವ್ರ ಪರವಾಗಿ ದೀಕ್ಷಾಸ್ನಾನಕ್ಕೆ ನೀರಲ್ಲಿ ಮುಳುಗಿ ಏಳ್ತಾಳೆ. ತೀರಿಹೋದೋರು ನಮಗೆ ಕಳೆದುಹೋಗಲ್ಲ. ಮುಂದೆ ನೀವಿಬ್ರೂ ಸೇರ್ತೀರ."

ಆ ಮಾತನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ! ಬೇರೆ ಹುಡುಗಿಯರು ಶಿಬಿರಕ್ಕೆ ಹೊಸ ಬಟ್ಟೆ ಕೊಂಡರು. ನಾನು ತಾಯಿಗೆ ಒಂದು ಸಾವು ಗೊತ್ತುಮಾಡಲು ಓಡಾಡಿದೆ. ಹಾಳೆಯಲ್ಲಿ ಕಾಮಾಲೆ ಎಂದು ಬರೆದೆ. ಹಾವಿಗಿಂತ ಮರ್ಯಾದೆಯಾಗಿ ಕಂಡಿತು.

ಅಪ್ಪನ ಕಡೆಯ ಹೆಸರುಗಳನ್ನು ಅತ್ತೆ ಧಾರಾಳವಾಗಿ ಕೊಟ್ಟಳು. ನಾಲ್ಕು ಕೇಳಿದರೆ ಏಳು ತಲೆಮಾರು! ಬಂಗಲೆಯಲ್ಲಿ ಮೈಕ್ ಹಿಡಿದು, ನಮ್ಮ ಮುತ್ತಜ್ಜ ಮೊಸಳೆಯ ಬಾಯಿಂದ ಸಾಹುಕಾರನ ಮಗಳನ್ನು ಎಳೆದು ತಂದ ಕಥೆ ಹೇಳಿದಳು. ಕನ್ನಡ ಬಾರದವರಿಗೆ ಸಾನಪಾಡಾದ ಅಕ್ಕ ಹಿಂದಿಯಲ್ಲಿ ಹೇಳಿದರು. ಅರ್ಧ ಸಭೆ ಕಣ್ಣೊರೆಸಿಕೊಂಡಿತು. ಒಬ್ಬ ಹುಡುಗ ಮಾತ್ರ ಹಾಳೆ ನೋಡಿ, "ಆಂಟೀ, ಇದರ ಪ್ರಕಾರ ಪರದಾದಾ ತನ್ನ ಮಗನಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು" ಎಂದ. ಅತ್ತೆ, "ಅದಕ್ಕ ಮೊಸಳಿ ಜೋಡಿ ಅಷ್ಟು ಜೋರಲೇ ಈಸಿದ" ಎಂದಳು. ಚಪ್ಪಾಳೆ!

ಚಪ್ಪಾಳೆ ನಿಂತ ಮೇಲೆ ಅಕ್ಕ ನನ್ನ ಹಾಳೆ ಎತ್ತಿ ಹಿಡಿದು, ಈ ಹುಡುಗಿ ತೀರಿಹೋದ ತಾಯಿಯ ಹೆಸರನ್ನು ದೇವಾಲಯಕ್ಕೆ ಕಳಿಸುತ್ತಿದ್ದಾಳೆ ಎಂದರು. ನೀರಿನಲ್ಲಿ ಮುಳುಗುವುದನ್ನೂ ವಿವರಿಸಿದರು. ಅತ್ತೆ ಇನ್ನೂ ಮೈಕ್ ಬಿಟ್ಟಿರಲಿಲ್ಲ. ಅದರಲ್ಲೇ ಕೇಳಿದಳು:

"ಅದು ಸತ್ತವರಿಗೆ ಮಾಡೂದೇನ್ರಿ?"

"ಹೌದಮ್ಮ, ತೀರಿಕೊಂಡೋರಿಗೆ ಮಾತ್ರ."

"ಹಂಗಿದ್ರ ತಡೀರಿ. ಆಕಿ ಹೆಸರ ಬರೀಬ್ಯಾಡ್ರಿ. ಆಕಿ ಸತ್ತಿಲ್ಲ. ಆಕಿ ಜೀವಂತ ಅದಾಳ."

ಅಕ್ಕ ತಡವರಿಸುತ್ತಲೇ ಅದನ್ನೂ ಹಿಂದಿಗೆ ತಂದರು. ಸಭೆಗೆ ಇದು ದೊಡ್ಡ ಸಾಕ್ಷಿಯ ಮಾತಾಗಿ ಕೇಳಿಸಿತು. ಸಾವೆಂಬುದಿಲ್ಲ, ಆತ್ಮ ಬದುಕಿದೆ! ಹಿಂದಿನ ಸಾಲಿನಿಂದ ಯಾರೋ ಜೋರಾಗಿ "ಆಮೆನ್" ಎಂದರು. ಎಲ್ಲರೂ "ಆಮೆನ್" ಎಂದರು.

"ಆಮೆನ್ ಅಲ್ಲೋ ಯಪ್ಪಾ!" ಅತ್ತೆ ಕಿರುಚಿದಳು. "ಖರೇನೆ ಅದಾಳ! ಕಲ್ಯಾಣ ಈಸ್ಟ್!"

ಇದಕ್ಕಿಂತ ದೊಡ್ಡ ನಗೆಯ ಮಾತನ್ನು ನಾನು ಕೇಳಿಲ್ಲ. ಅಂದು ಒಬ್ಬರೂ ನಗಲಿಲ್ಲ. ಹದಿನೈದು ವರ್ಷ ಯಾರಿಗಾಗಿ ಅತ್ತಿದ್ದೆನೋ ಅವಳು ಎರಡು ಲೋಕಲ್ ಹತ್ತಿದರೆ ಸಿಗುವಷ್ಟು ಹತ್ತಿರ, ಕಲ್ಯಾಣದಲ್ಲಿ ಬದುಕಿದ್ದಳು. ಹಬ್ಬ ಮಾಡಿಕೊಂಡು, ಸೀರೆ ಉಟ್ಟುಕೊಂಡು, ಉಂಡುಕೊಂಡು! ಸಾನಪಾಡಾದ ಅಕ್ಕ ನನ್ನ ಹಾಳೆಯ ಆ ಸಾಲನ್ನು ರಬ್ಬರಿನಿಂದ ಒರೆಸಿದರು. ಭಾನುವಾರದವರೆಗೆ ನಿಲ್ಲುವ ಮುಖ ನನಗಿರಲಿಲ್ಲ. ಅಂದೇ ಸಂಜೆ ಚೀಲ ಎತ್ತಿಕೊಂಡು ಹೊರಟೆ.

ಎಂಟು ದಿನ ಅತ್ತೆಯೊಂದಿಗೆ ಮಾತು ಬಿಟ್ಟೆ. ಒಂಬತ್ತನೆಯ ದಿನ ಆ ಸುಳ್ಳಿನ ಬಗ್ಗೆ ಮುಖದ ಮೇಲೆಯೇ ಕೇಳಿದೆ: "ಕ್ಯೂಂ ಝೂಟ್ ಬೋಲೀ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮಪ್ಪ ಸತ್ತು ವರ್ಷ ತುಂಬಿರಲಿಲ್ಲ. ಇನ್ನೊಬ್ಬ ಮಾಡ್ಕೋತೀನಂದ, ಕೂಸು ಬ್ಯಾಡಂದ. ಆಕಿ ಹೋದಳು. ಬಿಟ್ಟು ಹೋಗ್ಯಾಳ ಅಂದಿದ್ರ ನೀ ದಿನಾ ಬಾಗಲಾ ನೋಡ್ಕೋತ ಕೂಡ್ತಿದ್ದಿ. ಸತ್ತಾಳ ಅಂದ್ರ ಒಂದ್ ದಿನ ಅತ್ತು ಉಂಡು ಮಲಗ್ತಿ."

"ಮತ್ತೆ ಆವತ್ತು ಯಾಕೆ ಹೇಳಿದೆ?"

"ನನ್ನ ಬಾಯಿಗೆ ಏನದ, ಸಾಯಸ್ತದ. ಆದ್ರ ಜೀವಂತ ಇದ್ದಾಕಿಗೆ ಸತ್ತವರ ನೀರು ಬಿಡಸೂದು ಬ್ಯಾರೆ. ಆಕಿಗೆ ಮಕ್ಕಳದಾವ."

ಮಕ್ಕಳಿದ್ದಾವೆ! ಈ ಮಾತಿನಲ್ಲಿ ನಾನು ಲೆಕ್ಕಕ್ಕಿಲ್ಲ, ಗಮನಿಸಿ.

ನಾನು ಹಟ ಹಿಡಿದೆ; ಮನೆ ಅತ್ತೆಗೆ ಗೊತ್ತಿತ್ತು. ಮುಂದಿನ ಭಾನುವಾರ ಇಬ್ಬರೂ ಕಲ್ಯಾಣಕ್ಕೆ ಹೋದೆವು. ಚಾಳಿನ ಎರಡನೆಯ ಮಹಡಿ. ಬಾಗಿಲು ತೆರೆದವಳು ತುಸು ದಪ್ಪಗಿನ ಹೆಂಗಸು. ಕೈಗೆ ಕಣಕದ ಹಿಟ್ಟು ಮೆತ್ತಿತ್ತು. ಒಳಗೆ ಟಿವಿ ನೋಡುತ್ತಿದ್ದ ಗಂಡ, ಇಬ್ಬರು ಹುಡುಗರು. ಅವಳು ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಗುರುತು ಹತ್ತಿತು, ಅದು ನನಗೆ ಖಚಿತ.

"ಕೌನ್ ಹೈ?" ಒಳಗಿನಿಂದ ಗಂಡ ಕೇಳಿದ.

"ಪಾಪಡ್ ವಾಲೀ," ಎಂದಳು ನನ್ನ ತಾಯಿ.

ನಾನು ಅತ್ತೆಯ ಮುಖ ನೋಡಿದೆ. ಸಿಡಿಯುತ್ತಾಳೆ ಎಂದುಕೊಂಡೆ, ಸಿಡಿಯಲಿ ಎಂದೂ ಬೇಡಿಕೊಂಡೆ. ಅವಳು ಖಾಲಿ ಚೀಲವನ್ನು ಸೊಂಟಕ್ಕೇರಿಸಿ, ಥೇಟು ಹಪ್ಪಳ ಮಾರುವವಳ ರಾಗದಲ್ಲಿ, "ಉಡದ್ ಕೇ ಹೈ ಬಹನ್‌ಜೀ, ಕಲ್ ಲಾವೂಂ?" ಎಂದಳು.

"ನಕೋ," ಎಂದಳು ತಾಯಿ. ಬಾಗಿಲು ಮುಚ್ಚಿತು.

ಮಧ್ಯಾಹ್ನದ ಲೋಕಲ್ ಖಾಲಿಯಿತ್ತು. ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದೆ. ಡೊಂಬಿವಲಿ ಬಂತು, ಹೋಯಿತು. ಅತ್ತೆ ನನ್ನ ಹತ್ತಿರ ಸರಿದಳು.

"ಬಾಗಲಾ ಹಾಕೋಮುಂದ ಆಕಿ ಕೈ ನಡಗ್ಲತ್ತಿತ್ತು. ನೀ ಕೆಳಗ ನೋಡ್ಲತ್ತಿದ್ದಿ, ನಿನಗ ಕಾಣಲಿಲ್ಲ."

ನಾನು ಕೆಳಗೆ ನೋಡಿರಲಿಲ್ಲ. ಆ ಕೈಯನ್ನೇ ನೋಡುತ್ತಿದ್ದೆ. ನಾಲ್ಕು ಹಸಿರು ಬಳೆ, ಬೆರಳ ಸಂದಿಯಲ್ಲಿ ಹಿಟ್ಟು. ಒಂದಿಷ್ಟೂ ನಡುಗಿರಲಿಲ್ಲ.

"ಸೆರಗು ಬಾಯಿಗೆ ಹಿಡಕೊಂಡಳು. ಹಿಂದ ಹೊಳ್ಳಿ ನೋಡಿದೆ, ಕಿಡಕಿ ಜಾಳಗಿ ಹಿಡಕೊಂಡು ನಿಂತಿದ್ದಳು. ನಿನ್ನ ಹೆಸರ ಅಂದಂಗಾಯ್ತು."

ಖಾಲಿ ಚೀಲವನ್ನು ಮಡಚುತ್ತ ಬಿಚ್ಚುತ್ತ ಒಂದೊಂದೇ ಮಾತು ಜೋಡಿಸುತ್ತಿದ್ದಳು. ಅಷ್ಟು ಕಷ್ಟಪಟ್ಟು ಅವಳು ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳ ಒರಟು ಅಂಗೈಯನ್ನು ಎಳೆದು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಆಮೇಲೆ?" ಎಂದೆ.