ಯಾವ ಕಂಪನಿದು?

ನಾಗಕ್ಕ ಚಪ್ಪಲಿ ಬಿಡುವುದಕ್ಕೂ ಮುಂಚೆಯೇ ಆ ಮಾತು ಹೇಳಿಬಿಟ್ಟರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಂದು ಲೋಟ ಚಹಾ ಕುಡಿದು ಹೇಳಿದ್ದರೆ ಸೊಸೆ ಸುಧಾಳಿಗೆ ಇನ್ನೊಂದು ಕಾಲು ಗಂಟೆಯಾದರೂ ನೆಮ್ಮದಿ ಉಳಿಯುತ್ತಿತ್ತು.

"ಪ್ರೇಮಲತಾ ಹೊಸ ಕಂಪ್ಯೂಟರ್ ತಗಂಡ್ಳು ಕಣೆ ಸುಧಾ. ಕಂಪನಿದು."

ನಾಗಕ್ಕನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಹನುಮೇಶ್, ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನ ಹೆಂಡತಿ ಸುಧಾ. ಮನೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ಕಿರಿಯವನು ತಿಮ್ಮೇಶ್, ಹೆಂಡತಿ ಪ್ರೇಮಲತಾಳ ಜೊತೆ ಹರಿಹರದಲ್ಲಿದ್ದ. ನಾಗಕ್ಕ ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ. ಬಸ್ಸು ಹತ್ತುವಾಗ ಅವರ ಕೈಯಲ್ಲಿ ಒಂದು ಬಟ್ಟೆಚೀಲ ಇರುತ್ತಿತ್ತು, ಬಾಯಲ್ಲಿ ಒಂದು ಮನೆಯ ಸುದ್ದಿ ಇರುತ್ತಿತ್ತು. ಬಟ್ಟೆಚೀಲವೇ ಹಗುರ.

ಸುಧಾ ಹತ್ತು ವರ್ಷದಿಂದ ಮನೆಯಲ್ಲೇ ಕೂತು ಮದುವೆ ಕಾರ್ಡು, ಫ್ಲೆಕ್ಸು, ಆಲ್ಬಮ್ ಡಿಸೈನ್ ಮಾಡುತ್ತಿದ್ದಳು. ಕಾರ್ಡಿನ ಮೂಲೆಯಲ್ಲಿ ಅವಳು ಬಿಡಿಸುವ ಗಿಳಿಗಳ ಜೋಡಿಯಲ್ಲಿ ಎಡಗಡೆಯ ಗಿಳಿಯ ಕೊಕ್ಕು ಸ್ವಲ್ಪ ಸೊಟ್ಟ. ಮೊದಲ ವರ್ಷ ಮೌಸ್ ಜಾರಿ ಹಾಗಾಗಿತ್ತು. ಜನ ಮೆಚ್ಚಿಕೊಂಡಿದ್ದರಿಂದ ಹಾಗೇ ಬಿಟ್ಟಿದ್ದಳು. ಪ್ರೇಮಲತಾ ಎರಡು ವರ್ಷದ ಹಿಂದೆ ಅದೇ ಕೆಲಸ ಹಿಡಿದಳು. "ಅಕ್ಕನ್ನ ನೋಡಿ ಕಲ್ತೆ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಅದು ಹೊಗಳಿಕೆಯೋ ಕಳ್ಳತನದ ಒಪ್ಪಿಗೆಯೋ ಸುಧಾಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

"ಡಬ್ಬಿ ಒಡೆಯುವಾಗ ಓಣಿ ಮಂದಿ ಎಲ್ಲಾ ಬಂದಿದ್ರು. ಅದರ ಮ್ಯಾಲೆ ಕಂಪನಿ ಹೆಸರು ಇಷ್ಟು ದಪ್ಪ" ಎಂದು ನಾಗಕ್ಕ ಮೊಳಕೈವರೆಗೆ ತೋರಿಸಿದರು. "ಮೂರು ವರ್ಷ ಗ್ಯಾರಂಟಿ ಅಂತೆ. ಏನಾರ ಆದ್ರೆ ಕಂಪನಿಯೋರೇ ಮನೀಗೆ ಬರ್ತಾರಂತೆ, ಟೈ ಕಟ್ಕಂಡು."

ಸುಧಾಳಿಗೆ ಕಂಪ್ಯೂಟರಿಗಿಂತ ಆ ಟೈ ಹೆಚ್ಚು ಚುಚ್ಚಿತು. ಅವಳ ಹಳೆಯ ಕಂಪ್ಯೂಟರ್ ಹೋದ ತಿಂಗಳು ಕೆಟ್ಟು ನಿಂತಿತ್ತು. ಜಮಾಲ್ ಸಾಬರ ಅಂಗಡಿಯಲ್ಲಿ ಅವರ ಮಗಳು ಮಹೀನ್ ಬಿಡಿಭಾಗ ಜೋಡಿಸಿ ಹೊಸದನ್ನು ಕಟ್ಟುತ್ತಿದ್ದಳು. ಹದಿನೈದು ದಿನ ಇಬ್ಬರೂ ಕೂತು ಒಂದೊಂದು ಭಾಗವನ್ನೂ ಮದುವೆ ಸೀರೆ ಆರಿಸುವಂತೆ ಆರಿಸಿದ್ದರು. ಹಳೆಯದರ ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು. ಹತ್ತು ವರ್ಷದ ಡಿಸೈನುಗಳೆಲ್ಲ ಇದ್ದದ್ದು ಅದರಲ್ಲೇ. ಅದನ್ನೂ ಹೊಸ ಪೆಟ್ಟಿಗೆಯೊಳಗೇ ಕೂರಿಸುತ್ತೇನೆಂದು ಮಹೀನ್ ಹೇಳಿದ್ದಳು. ಆದರೆ ಅದು ಕೆಟ್ಟರೆ ಬರುವವಳೂ ಅದೇ ಮಹೀನ್, ಸ್ಕೂಟಿಯ ಮೇಲೆ, ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು.

"ನನ್ನದರ ವಿಷಯ ಅಕೀಗೆ ಹೇಳಿದ್ರಾ ಅತ್ತೆ?"

"ಹೇಳ್ದೆ. ಒಂದು ಕಡೆ ಗಾಜು ಐತಂತೆ, ಒಳಗ ಬಣ್ಣದ ದೀಪ ಉರಿತಾವಂತೆ, ಅಳತಿ ಕೊಟ್ಟು ರವಿಕೆ ಹೊಲಿಸ್ದಂಗ ಮಾಡಸ್ಯಾಳೆ ಅಂದೆ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ಲು."

ಆ ಅರ್ಧ ರೊಟ್ಟಿ ಸುಧಾಳಿಗೆ ಹಾಲು ಉಕ್ಕುವಷ್ಟು ಹೊತ್ತು ಹಿತವಾಗಿತ್ತು. ಆಮೇಲೆ ಮತ್ತೆ ಟೈ ನೆನಪಾಯಿತು.

"ಸಂಜಿ ಆರಕ್ಕ ಪಾಲಯ್ಯ ಬರ್ತಾನೆ" ಎಂದು ನಾಗಕ್ಕ ಎಲೆಅಡಿಕೆ ಚೀಲ ಬಿಚ್ಚಿದರು. "ಅವನ ಮಗಳ ಮದುವಿ ಕೆಲಸ ಎಲ್ಲಾ ನಮ್ಮ ಮನೀಗೇ ಕೊಡ್ತಾನೆ. ಯಾವ ಸೊಸೀಗೆ ಅನ್ನೋದು ನನಗ ಗೊತ್ತಿಲ್ಲ."

ಪಾಲಯ್ಯ ಭಾನುವಳ್ಳಿಯಲ್ಲಿದ್ದ ನಾಗಕ್ಕನ ತಮ್ಮ. ಕಾರ್ಡು, ಫ್ಲೆಕ್ಸು, ಆಲ್ಬಮ್ ಮೂರೂ ಸೇರಿ ಸುಧಾಳ ಪಾಲಿಗೆ ಈ ವರ್ಷದ ದೊಡ್ಡ ಕೆಲಸ ಅದು. ಅದು ಹರಿಹರಕ್ಕೆ ಹೋದರೆ ಭಾನುವಳ್ಳಿಯ ಮುಂದಿನ ಮದುವೆಗಳೆಲ್ಲ ಅದರ ಹಿಂದೆಯೇ ಹೋಗುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಪಾಲಯ್ಯನ ಸ್ವಭಾವವೂ ಗೊತ್ತಿತ್ತು. ಪಂಪ್‌ಸೆಟ್ಟಾಗಲಿ ಟಾರ್ಚಾಗಲಿ, ಅವರ ಮೊದಲ ಪ್ರಶ್ನೆ ಒಂದೇ: "ಯಾವ ಕಂಪನಿದು?" ಅಳಿಯನನ್ನು ನೋಡಲು ಹೋದಾಗಲೂ ಹುಡುಗನ ಹೆಸರಿಗಿಂತ ಮೊದಲು ಅದನ್ನೇ ಕೇಳಿದ್ದರು.

ಅಷ್ಟರಲ್ಲಿ ಎದುರುಮನೆಯ ಉಜ್ಜನಪ್ಪ ಪೇಪರ್ ಕೇಳಲು ಬಂದರು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಕಂಪ್ಯೂಟರನ್ನು ಈವರೆಗೆ ಮುಟ್ಟಿದವರಲ್ಲ. ಆದ್ದರಿಂದ ಅದರ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

"ಜೋಡಿಸಿದ್ದು ಬ್ಯಾಡ್ರೀ ಸುಧಮ್ಮ. ಕಂಪನಿದು ಅಂದ್ರೆ ಪರೇಡ್ ಇದ್ದಂಗೆ, ಎಲ್ಲಾ ಒಂದೇ ಹೆಜ್ಜಿ. ಜೋಡಿಸಿದ್ದು ಅಂದ್ರೆ ಬಸ್‌ಸ್ಟ್ಯಾಂಡಿನ ಮಂದಿ. ನಡೀರಿ, ನಾನೇ ಬಂದು ನೋಡ್ತೀನಿ."

ಬೇಡವೆನ್ನಲು ಸುಧಾ ಬಾಯಿ ತೆರೆಯುವುದರೊಳಗೆ ಅವರು ಆಟೋ ನಿಲ್ಲಿಸಿಯಾಗಿತ್ತು.

ಅಂಗಡಿಯ ಮೇಜಿನ ಮೇಲೆ ಪೆಟ್ಟಿಗೆ ಸಿದ್ಧವಾಗಿ ಕೂತಿತ್ತು. ಗಾಜಿನ ಹಿಂದೆ ಮೂರು ಫ್ಯಾನುಗಳು ನೀಲಿ, ಹಸಿರು, ಕೇಸರಿ ಬೆಳಕಿನಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದವು. ಸುಧಾ ಆರಿಸಿದ ಒಂದೊಂದು ಭಾಗವೂ ಒಳಗೆ ಕೂತು ಅವಳನ್ನೇ ನೋಡುತ್ತಿದ್ದಂತೆ ಇತ್ತು.

ಜಮಾಲ್ ಸಾಬರು ಫೋನಿನಲ್ಲಿದ್ದರು. "ಗಾಜಿಂದು ಒಂದೇ ಐತ್ರಿ. ಅದೂ ಬುಕ್ ಆಗೈತೆ. ಇಲ್ರಿ, ಕೊಡಾಕ ಬರಲ್ಲ. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ ಕೇಳ್ತಿದೀರಿ." ಫೋನಿಟ್ಟು, "ಬರ್ರಿ ಅಮ್ಮ, ಕೂಡ್ರಿ" ಎಂದರು.

ಉಜ್ಜನಪ್ಪ ಕೂರಲಿಲ್ಲ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿದರು.

"ಯಾವ ಕಂಪನಿದು?"

ಸುಧಾ ಬೆಚ್ಚಿದಳು. ಥೇಟು ಪಾಲಯ್ಯ ಮಾವನ ದನಿ.

"ಬೋರ್ಡು ಒಂದು ಕಂಪನಿದು ಸರ್" ಎಂದಳು ಮಹೀನ್. "ಪ್ರೊಸೆಸರ್ ಇನ್ನೊಂದರದು, ಫ್ಯಾನು ಬ್ಯಾರೆ, ಪೆಟ್ಟಿಗೆ ಬ್ಯಾರೆ. ಅಕ್ಕನ ಕೆಲಸಕ್ಕೆ ಯಾವುದು ಬೇಕೋ ಅದನ್ನೇ ಹಾಕೀವಿ."

"ಅಂದ್ರೆ ಇದಕ್ಕ ಅಪ್ಪ ಯಾರು ಅಂತಿಲ್ಲ."

"ಅಮ್ಮ ನಾನೇ ಇದೀನಲ್ಲ ಸರ್." ಮಹೀನ್ ನಕ್ಕಳು. ಸುಧಾಳ ಕಡೆ ತಿರುಗಿ, "ಅಕ್ಕಾ, ಇದು ನಿಮ್ಮ ಬಾಯಿಗೆ ತಕ್ಕಂಗೆ ಕಲಸಿದ ಮಂಡಕ್ಕಿ. ಕಂಪನಿದು ಪಾಕೀಟಿಂದು. ಅವರು ಎಷ್ಟು ಖಾರ ಹಾಕಿರ್ತಾರೋ ಅಷ್ಟೇ ತಿನ್ನಬೇಕು."

ಸುಧಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣಿಗೆ ಸಂಜೆ ಆರು ಗಂಟೆ ಕಾಣುತ್ತಿತ್ತು. ಪಾಲಯ್ಯ ಮಾವ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮೇಲೆ ಹೆಸರು ಹುಡುಕುತ್ತಾರೆ. ಹೆಸರಿಲ್ಲ. 'ಹರಿಹರದಾಗೆ ಕಂಪನಿದೇ ಐತಲ್ಲ' ಎನ್ನುತ್ತಾರೆ. ಪ್ರೇಮಲತಾ ಫೋನಿನಲ್ಲಿ ಮೆತ್ತಗೆ, 'ಅಕ್ಕಾ, ನಿಮ್ಮನ್ನ ನೋಡೇ ಕಲ್ತೆ' ಎನ್ನುತ್ತಾಳೆ.

"ಜಮಾಲ್ ಸಾಬ್ರೆ, ಕಂಪನಿದು ಒಂದು ಕೊಡ್ರಿ. ಈಗ್ಲೇ. ಇದು ನನಗೆ ಬ್ಯಾಡ."

ಮಹೀನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಹದಿನೈದು ದಿನ ಬೆಳೆಸಿದ ಕೂಸನ್ನು ಹೆತ್ತವಳೇ ಗುರುತು ಸಿಗುತ್ತಿಲ್ಲ ಎಂದ ಹಾಗೆ ಅವಳ ಮುಖ ಬಾಡಿತು.

ಜಮಾಲ್ ಸಾಬರು ಒಳಗಿಂದ ಒಂದು ದೊಡ್ಡ ಡಬ್ಬಿ ತಂದರು. "ಅಮ್ಮ, ಸದ್ಯಕ್ಕ ಇದೊಂದೇ ಐತೆ. ಒಂದು ಮಾತು ಹೇಳ್ಬೇಕು, ಈ ಡಬ್ಬಿ..."

"ಡಬ್ಬಿ ಮ್ಯಾಲೆ ಕಂಪನಿ ಹೆಸರು ಐತಲ್ಲ?"

"ಐತೆ. ಆದ್ರ ಇದನ್ನ ನಿನ್ನೆ..."

"ನಿನ್ನೆದು ಇವತ್ತಿಂದು ಎಲ್ಲಾ ಆಮ್ಯಾಲೆ. ಟೈಮಿಲ್ಲ."

"ಅಕ್ಕಾ" ಎಂದು ಮಹೀನ್ ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು, "ಇದರೊಳಗ ನಿಮ್ಮ ಹಳೇ..."

"ಹಳೇದು ಏನೂ ಬ್ಯಾಡಮ್ಮ! ಎಲ್ಲಾ ಹೊಸದೇ ಇರಲಿ."

ಮಹೀನ್ ಭುಜ ಹಾರಿಸಿ ಪೆಟ್ಟಿಗೆಯ ಮೇಲಿನ ಕೈ ತೆಗೆದಳು. ಉಜ್ಜನಪ್ಪ ಡಬ್ಬಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಎರಡು ಸಲ ಓದಿ, ಎರಡು ಸಲವೂ ಬೇರೆ ಬೇರೆ ಥರ ಉಚ್ಚರಿಸಿ, "ಇದು ಅಂದ್ರೆ ಇದು" ಎಂದರು. ಆಟೋ ಹೊರಡುವಾಗ ಜಮಾಲ್ ಸಾಬರು ಮತ್ತೆ ಫೋನು ಹಿಡಿದಿದ್ದರು. "ಹಲೋ... ಗಾಜಿಂದು ಈಗ ಖಾಲಿ ಆತು. ಬರ್ರಿ."

ಮನೆ ಮುಟ್ಟುವವರೆಗೂ ಸುಧಾ ಡಬ್ಬಿಯನ್ನು ತೊಡೆಯ ಮೇಲೆ, ಹೆಸರು ಹೊರಗೆ ಕಾಣುವಂತೆ ಹಿಡಿದುಕೊಂಡಿದ್ದಳು. ಓಣಿಯ ತಿರುವಿನಲ್ಲಿ ಆಟೋದವನಿಗೆ ನಿಧಾನ ಹೋಗು ಎಂದಳು. ಗುಂಡಿ ಇದೆ ಎಂದು ಅವನು ತಿಳಿದ. ಪಕ್ಕದ ಮನೆಯ ಶಕುಂತಲಮ್ಮ ಗೇಟಿನ ಬಳಿ ನಿಂತಿದ್ದರು, ಗುಂಡಿ ಇರಲಿಲ್ಲ.

ಮಧ್ಯಾಹ್ನ ಮಾನಿಟರಿಗೆ ಜೋಡಿಸಿ ಚಾಲೂ ಮಾಡಿದರೆ ಕಂಪ್ಯೂಟರ್ ಸದ್ದು ಮಾಡದೆ, ಹೊಗೆಯಾಡದೆ ಚೆನ್ನಾಗಿಯೇ ನಡೆಯಿತು. ಒಳಗೆ ಮಾತ್ರ ಬಾಡಿಗೆಗೆ ಬಿಟ್ಟ ಮನೆಯಷ್ಟು ಖಾಲಿ. ಪಾಲಯ್ಯನಿಗೆ ತೋರಿಸಲು ಹಳೆಯ ಡಿಸೈನು ತೆಗೆಯೋಣವೆಂದು ಸುಧಾ ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಹತ್ತು ವರ್ಷದ ಡಿಸೈನು, ಗಿಳಿ, ಬಾಳೆಕಂಬ, ಎಲ್ಲವೂ ಆ ಗಾಜಿನ ಪೆಟ್ಟಿಗೆಯೊಳಗೆ!

"ಅದನ್ನೇ ಹೇಳಾಕ ಬಂದ್ರೆ ಹಳೇದು ಏನೂ ಬ್ಯಾಡ ಅಂದ್ರಿ" ಎಂದಳು ಮಹೀನ್ ಫೋನಿನಲ್ಲಿ. "ನೀವು ಹೋಗಿ ಒಂದು ತಾಸಿಗೆ ಅದು ಮಾರಿ ಹೋತು ಅಕ್ಕಾ. ನಾನು ಊಟಕ್ಕೆ ಹೋಗಿದ್ದೆ, ಅಬ್ಬಾ ಕೊಟ್ಟು ಕಳಿಸ್ಯಾರೆ. ಈಗ ಅವರು ಹೊರಗ ಹೋಗ್ಯಾರೆ, ಬಂದ ಮ್ಯಾಲೆ ಯಾರು ಒಯ್ದ್ರು ಅಂತ ಕೇಳ್ತೀನಿ."

ಸುಧಾ ಮೂರು ಗಂಟೆ ಕೂತು ಹೊಸದೊಂದು ಗಿಳಿ ಬಿಡಿಸಿದಳು. ಕೊಕ್ಕು ನೆಟ್ಟಗೆ ಬಂತು. ನೋಡಿದರೆ ಕಾಗೆಯಂತಿತ್ತು.

ಆರಕ್ಕೆ ಸರಿಯಾಗಿ ಪಾಲಯ್ಯ ಬಂದರು. ಹಿಂದೆಯೇ ಉಜ್ಜನಪ್ಪ ಬಂದರು, ಅವರನ್ನು ಯಾರೂ ಕರೆದಿರಲಿಲ್ಲ. ಸುಧಾ ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, ಕಂಪ್ಯೂಟರಿನ ಹೆಸರು ಪಾಲಯ್ಯನ ಕಡೆಗೆ ಕಾಣುವಂತೆ ತಿರುಗಿಸಿಟ್ಟಳು. ಪಾಲಯ್ಯ ಮೆಣಸಿನಕಾಯಿಯ ತೊಟ್ಟನ್ನು ನೋಡುತ್ತಿದ್ದರು.

"ತಡಿ, ಮೊದ್ಲು ನನ್ನ ಕೆಲಸ ಮುಗೀಲಿ" ಎಂದು ನಾಗಕ್ಕ ಎದ್ದರು. ಮನೆಗೆ ಯಾವ ಹೊಸ ಯಂತ್ರ ಬಂದರೂ ದೃಷ್ಟಿ ತಾಗದಿರಲೆಂದು ಅವರು ಬೊಟ್ಟು ಇಡುವುದುಂಟು. ಹಿಂದೆ ಕುಂಕುಮ ಹಚ್ಚುತ್ತಿದ್ದರು, ಸೊಸೆಯರಿಬ್ಬರೂ ಅಂದ ಕೆಡುತ್ತದೆಂದು ಒರೆಸಿಬಿಡುತ್ತಿದ್ದರು. ಅಂದಿನಿಂದ ಎಲೆಅಡಿಕೆಯ ಸುಣ್ಣದಿಂದ, ಯಂತ್ರದ ತಳದಲ್ಲಿ, ಮೂರು ಬೊಟ್ಟು. ಆ ಮನೆಯ ಮಿಕ್ಸಿಯನ್ನು ಎತ್ತಿ ನೋಡಿದರೂ ಮೂರು ಬಿಳಿ ಬೊಟ್ಟು ಕಾಣುತ್ತಿದ್ದವು.

ಉಜ್ಜನಪ್ಪ ಪೆಟ್ಟಿಗೆಯನ್ನು ಓರೆ ಮಾಡಿ ಹಿಡಿದರು. ನಾಗಕ್ಕ ಬೆರಳಿಗೆ ಸುಣ್ಣ ಹಚ್ಚಿಕೊಂಡು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಸುಧಾ, ಇದಕ್ಕ ನಾನು ಯಾವಾಗ ಹಚ್ಚಿದೆ?"

ಸುಧಾಳೂ ಬಗ್ಗಿದಳು. ಕಪ್ಪು ತಗಡಿನ ಮೇಲೆ ಮೂರು ಬೊಟ್ಟು ಒಣಗಿ ಕೂತಿದ್ದವು.

"ನಡುವಿಂದು ಸೊಟ್ಟ ಐತಲ್ಲ, ನಿನ್ನೆ ಹರಿಹರದಾಗೆ ತಿಮ್ಮೇಶ ಎತ್ತಿ ಹಿಡಿದಾಗ ಕೈ ಅಲ್ಲಾಡಿಸ್ದ" ಎಂದರು ನಾಗಕ್ಕ. "ಇದು ಪ್ರೇಮಲತಾನ್ದೇ ಕಣೆ! ನಾನು ಬಸ್ ಹತ್ತೋವರಿಗೂ ಅವರ ಮನೀಲೇ ಇತ್ತು!"

"ಓಹೋ, ವಾಪಸ್ ಕೊಟ್ಟಿದ್ದು ಇದೇ ಏನು?" ಪಾಲಯ್ಯ ಬಾಯಿ ಒರೆಸಿಕೊಂಡರು. "ಭಾನುವಳ್ಳಿ ಬಸ್ಸು ಹರಿಹರದಾಗೆ ನಿಲ್ತು ನೋಡವ್ವ, ಚಾ ಕುಡಿಯಾಕ ಅವರ ಮನಿಗೆ ಹೋಗಿದ್ದೆ. ಕಂಪನಿದು ಮನಸ್ಸಿಗೆ ಬರಲಿಲ್ಲಂತೆ. ತಿಮ್ಮೇಶ ಮುಂಜಾನೆ ಕೊಟ್ಟು, ಮಧ್ಯಾಹ್ನ ಬ್ಯಾರೆ ತಂದಾನೆ. ಗಾಜಿಂದು. ಏನ್ ದೀಪ, ಏನ್ ದೀಪ! ನೀಲಿ, ಹಸಿರು, ಕೇಸರಿ."

ಸುಧಾ ಕುರ್ಚಿಯ ತೋಳು ಹಿಡಿದುಕೊಂಡಳು. "ಮಾವ, ಅದು... ಯಾವ ಕಂಪನಿದು ಅಂತ ಕೇಳಿದ್ರಾ?"

"ಅದನ್ನ ನೋಡಿದ ಮ್ಯಾಲೆ ಕಂಪನಿ ಯಾರು ಕೇಳ್ತಾರವ್ವ? ಅಲ್ಲೇ ಕೂತು ಕಾರ್ಡೂ ಮುಗಿಸಿಬಿಟ್ವಿ." ಪಾಲಯ್ಯ ಚೀಲದಿಂದ ಒಂದು ಹಾಳೆ ತೆಗೆದರು. ಬಾಳೆಕಂಬ, ಮಾವಿನ ತೋರಣ, ಮೂಲೆಯಲ್ಲಿ ಗಿಳಿ ಜೋಡಿ. ಎಡಗಡೆಯ ಗಿಳಿಯ ಕೊಕ್ಕು ಸೊಟ್ಟ. "ಇಂಥವು ನೂರಾರು ಅದಾವೆ ಅದರೊಳಗ! ಪೆಟ್ಟಿಗಿ ಜೊತೀಗೇ ಪುಕ್ಕಟೆ ಬಂದಾವಂತೆ. ಪ್ರೇಮಲತಾ ಅಂದ್ಲು, ಅಕ್ಕ ಅಕ್ಷರದಾಗ ಭಾಳ ಹುಷಾರು, ಹೆಸರಿನಾಗೆ ತಪ್ಪಿದ್ರೆ ನೋಡಿ ತಿದ್ದಿ ಕೊಡಲಿ ಅಂತ."

ಉಜ್ಜನಪ್ಪ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಅದರ ಮೇಲಿನ ಹೆಸರನ್ನು ಅಂಗೈಯಿಂದ ಒರೆಸಿ, "ಏನೇ ಅನ್ರಿ, ಕಂಪನಿ ಕಂಪನಿನೇ" ಎಂದರು.

ಸುಧಾ ಕೆಂಪು ಪೆನ್ನು ತೆಗೆದುಕೊಂಡು ತನ್ನದೇ ಗಿಳಿಗಳ ಕೆಳಗೆ ಅಕ್ಷರ ನೋಡತೊಡಗಿದಳು.

ನಾಗಕ್ಕ ಬೆರಳಿನ ಸುಣ್ಣವನ್ನು ಒರೆಸಲಿಲ್ಲ. ಎಲೆಯೊಂದಕ್ಕೆ ಸವರಿ, ಮಡಚಿ, ಬಾಯಿಗಿಟ್ಟುಕೊಂಡು ಬಟ್ಟೆಚೀಲ ಎಳೆದುಕೊಂಡರು.

"ನಾಳಿ ಮುಂಜಾನೆ ಮೊದಲ ಬಸ್ಸಿಗೆ ಹರಿಹರಕ್ಕೆ ಹೋಗಿ ಬರ್ತೀನಿ ಕಣೆ. ಆ ಗಾಜಿನ ಪೆಟ್ಟಿಗಿಗೆ ಇನ್ನೂ ಬೊಟ್ಟು ಇಟ್ಟಿಲ್ಲ. ಅಷ್ಟು ಚೆಂದ ಐತಂತೆ, ಯಾರದ್ದಾರ ಕಣ್ಣು ಬಿದ್ದೀತು."

ಯಾರದ್ದು ಎಂದು ಅವರು ಹೇಳಲಿಲ್ಲ.