ಹಳೆಯದನ್ನು ಕಿತ್ತ ಮೇಲೆ

ಕಂಪ್ಯೂಟರಿಗೆ ಸಾಫ್ಟ್‌ವೇರನ್ನು ಎಲ್ಲಿಂದ ತರಬೇಕೆಂದು ಗಂಡ ಹೆಂಡತಿ ಜಗಳವಾಡಿದ ಮನೆ ಮಲ್ಲಂದೂರಿನಲ್ಲಿ ನಮ್ಮದೊಂದೇ ಇರಬೇಕು. ನನ್ನ ಹೆಂಡತಿ ಮೇಘಶ್ರೀ ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುವವಳು. ನಾನು ಕಾಫಿ ಬೆಳೆಯುವವನು, ಸಲಹೆ ಕೊಡುವವನು (ಎರಡನೆಯದಕ್ಕೆ ಗಿರಾಕಿಗಳಿಲ್ಲ).

ಹೋದ ವರ್ಷ ತೀರಿಕೊಂಡ ನಮ್ಮತ್ತೆ ರಂಗಮ್ಮನವರು ಮೋಡ ಕಂಡರೆ ಸಾಕು, ಕಣದಲ್ಲಿ ಒಣಗುವ ಕಾಫಿ ಮುಚ್ಚಿಸಲು ಕೂಗುತ್ತಿದ್ದರು. ಹಾಸಿಗೆ ಹಿಡಿದ ಮೇಲೂ ಬಿಡಲಿಲ್ಲ. ಮೇಘಶ್ರೀ ಆ ಕೂಗನ್ನು ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದಳು. ಮಳೆಯ ಮುನ್ಸೂಚನೆ ಬಂದೊಡನೆ ಕಣದ ಸ್ಪೀಕರಿನಲ್ಲಿ ಅಮ್ಮನೇ ಕೂಗಬೇಕು, ಅಂಥದೊಂದು ಪ್ರೋಗ್ರಾಂ ಬರೆಯುವುದು ಅವಳ ಆಸೆ. ಆದರೆ ಅವಳು ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ ಸಾಫ್ಟ್‌ವೇರ್ ಆಪ್ ಸ್ಟೋರಿನಿಂದ ತಂದದ್ದು.

“ಸ್ಟೋರಿನದಕ್ಕೆ ಸುತ್ತ ಬೇಲಿ ಕಣ್ರೀ. ಸ್ಪೀಕರ್ ತನಕ ಹೋಗೋಕೆ ಬಿಡಲ್ಲ. ಅದನ್ನೇ ವೆಬ್‌ಸೈಟಿಂದ ತರ್ಬೇಕು.”

“ಬೇಲಿ ಇರೋದು ಒಳ್ಳೇದಲ್ವನೇ? ಸ್ಟೋರಲ್ಲಿ ಯಾರೋ ಪರೀಕ್ಷೆ ಮಾಡಿ ಇಟ್ಟಿರ್ತಾರೆ. ವೆಬ್‌ಸೈಟ್ ಅಂದ್ರೆ ದಾರಿ ಬದಿಯಲ್ಲಿ ಸಸಿ ಕೊಂಡ ಹಾಗೆ.”

“ದಾರಿ ಬದಿ ಅಲ್ಲ ಮಾರಾಯ್ರೇ, ಮಾಡಿದವರ ಮನೆಯಿಂದಲೇ ತರೋದು. ನಾನು ವಸ್ತಾರೆಗೆ ಹೋಗ್ಬರ್ತೀನಿ. ಡೌನ್‌ಲೋಡಿಗೆ ಹಾಕಿದ್ದೀನಿ, ನಿಧಾನಕ್ಕೆ ಇಳಿಯುತ್ತೆ, ನೋಡ್ಕೊಳಿ ಸಾಕು.”

ನೋಡಿಕೊಂಡೆ. ಇಳಿಯಿತು. ಅಲ್ಲಿಗೆ ಸುಮ್ಮನಿದ್ದರೆ ನಾನೆಂಥ ಬೆಳೆಗಾರ? ಹಳೆಯ ಗಿಡವನ್ನು ಬೇರುಸಮೇತ ಕೀಳದೆ ಅದೇ ಗುಂಡಿಗೆ ಹೊಸ ಸಸಿ ನೆಡುವ ಅವಿವೇಕ ನಮ್ಮ ವಂಶದಲ್ಲೇ ಇಲ್ಲ. ಸ್ಟೋರಿನ ಹಳೆಯ ಸಾಫ್ಟ್‌ವೇರನ್ನು ತೆಗೆದುಹಾಕಲು ಹೊರಟೆ. ಇದರೊಳಗಿರುವುದೆಲ್ಲ ಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಬೇರಿನ ಚೂರೂ ಉಳಿಯದ ಅಚ್ಚುಕಟ್ಟು ಕೆಲಸವೆಂದು ಮೆಚ್ಚಿ, ಆಗಬಹುದು ಎಂದು ಒತ್ತಿದೆ.

ಅತ್ತೆಯ ದನಿ ಇದ್ದದ್ದು ಆ ಬೇಲಿಯೊಳಗೆ. ಬೇರೆಲ್ಲೂ ಇರಲಿಲ್ಲ.

ಮೇಘಶ್ರೀ ಬಂದು ಬಹಳ ಹೊತ್ತು ಹುಡುಕಿದಳು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. “ಅಮ್ಮನ ದನಿ ಎಲ್ಲಿ ಮರೆತುಹೋಗುತ್ತೋ ಅಂತ ಭಯ ಇತ್ತು ಕಣ್ರೀ” ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ಊಟ ಸೇರಲಿಲ್ಲ. ಇಷ್ಟು ದುಃಖ ಅತ್ತೆ ಹೋದ ದಿನವೂ ಆಗಿರಲಿಲ್ಲ.

ನನ್ನ ಫೋನನ್ನು ಜಾಲಾಡಿದೆ. ಅತ್ತೆ ಎಂದೋ ಕಳಿಸಿದ್ದ ಒಂದು ವಾಯ್ಸ್ ಮೆಸೇಜ್ ಸಿಕ್ಕಿತು (ಅತ್ತೆಯ ಮೆಸೇಜನ್ನು ಪೂರ್ತಿ ಕೇಳಿಸಿಕೊಳ್ಳುವ ಅಳಿಯ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ). ಫೋನನ್ನು ಹಾಗೇ ಹೆಂಡತಿಯ ಕೈಗಿಟ್ಟೆ. ಕೇಳುತ್ತಾ ಅತ್ತಳು, ನಡುವೆ ಒಮ್ಮೆ ನಕ್ಕಳು.

ಹೊಸ ಸಾಫ್ಟ್‌ವೇರ್ ಸ್ಪೀಕರ್ ತನಕ ಸರಾಗವಾಗಿ ಹೋಗುತ್ತದೆ. ನಿನ್ನೆ ಆಳುಗಳೆಲ್ಲ ಕಣದಲ್ಲಿರುವಾಗ ಅತ್ತೆ ಕೂಗಿದರು.

“ಅಳಿಯಂದ್ರೇ, ಮಳೆ ಬರ್ತಾ ಇದೆ, ಇನ್ನೂ ಬಿದ್ಕೊಂಡಿದ್ದೀರಾ? ಎದ್ದು ಕಾಫಿ ಮುಚ್ಚಿ. ನಿಮ್ಮನ್ನ ನಂಬಿ ಮಗಳನ್ನ ಕೊಟ್ಟೆನಲ್ಲ, ನನಗೆ ಬುದ್ಧಿ ಇರ್ಲಿಲ್ಲ.”

ಆಳುಗಳು ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ಓಡಿಹೋಗಿ ಟಾರ್ಪಾಲು ಎಳೆದು ಮುಚ್ಚಿದೆ. ತಲೆಯೆತ್ತಿದರೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಜಗಲಿಯಲ್ಲಿ ಮೇಘಶ್ರೀ ಕಂಪ್ಯೂಟರಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಇನ್ನೊಂದ್ಸಲ ಹಾಕ್ಲಾ?” ಎಂದಳು.

ನಾನು ಟಾರ್ಪಾಲು ತೆಗೆದು, ಮತ್ತೆ ಮುಚ್ಚಲು ತಯಾರಾಗಿ ನಿಂತೆ.