ಸಾಹೇಬರಿಗೆ ಊಟ, ಸೇತುವಿಗೆ ಉಪವಾಸ

ಎದುರಿಗೆ ನಿಂತವರು ಏನೇ ಕೇಳಲಿ, ಸೇತುಮಾಧವನ ಬಾಯಿಂದ ಮೊದಲು ಹೊರಡುವ ಮಾತು "ಧಾರಾಳವಾಗಿ." ಅವನು ಗುಮಾಸ್ತನಾಗಿದ್ದ ಸೇಲಂನ ಸರ್ವೆ ಕಚೇರಿಗೆ ಹೊಸದಾಗಿ ಬಂದ ಸಾಹೇಬರು, "ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಬರಲೇ?" ಎಂದಾಗಲೂ ಅದೇ ಹೊರಬಿತ್ತು.

ಸೋಮವಾರ ಸಾಹೇಬರು ಒಬ್ಬ ಗುಮಾಸ್ತನನ್ನು ಪಾಲಮಲೆಗೆ ವರ್ಗ ಮಾಡುವವರಿದ್ದರು. ಅಲ್ಲಿಗೆ ಬಸ್ಸಿಲ್ಲ, ಕೊಳತ್ತೂರಿನಲ್ಲಿಳಿದು ಬೆಟ್ಟ ಹತ್ತಬೇಕು. ಕಚೇರಿಯ ಮೆಟ್ಟಿಲಿಗೇ ಏದುಸಿರು ಬಿಡುವ ಸೇತುಮಾಧವ, ಊಟ ಹಾಕಿಯೇ ಸಾಹೇಬರನ್ನು ಗೆಲ್ಲುತ್ತೇನೆಂದು ಹಠ ತೊಟ್ಟ. ನಾಲ್ಕು ದಿನ ಅದೇ ಚಿಂತೆ, ನಿದ್ದೆಯಿಲ್ಲ. ಮೊದಲೇ ಹೇಳಿದರೆ ತಾಯಿ ತುಂಗಾಬಾಯಿ ಗಾಬರಿಯಾಗುತ್ತಾಳೆಂದು ಭಾನುವಾರ ಬೆಳಗಾದ ಮೇಲೆ ಬಾಯಿಬಿಟ್ಟ.

"ಊಟಕ್ಕಾ? ಇವತ್ತಾ? ಏಕಾದಶಿ ಕಣೋ! ಗೌರ್ನರೇ ಬರ್ಲಿ, ನಮ್ಮನೇಲಿ ಒಲೆ ಹಚ್ಚಲ್ಲ."

ಗೋಡೆಯ ಮೇಲೆ ಪಕ್ಕದ ಮನೆಯ ಗಂಗೂಬಾಯಿಯ ತಲೆ ಮೂಡಿತು. "ಏಕಾದಶಿ ದಿವಸ ಊಟಕ್ಕೆ ಕರ್ದಿದ್ದಾನೇನ್ರೀ ತುಂಗಕ್ಕ? ನಿಮ್ಮೆಜಮಾನ್ರು ಇದ್ದಿದ್ರೆ ಏನಂತಿದ್ರೋ!"

ಭಯದಲ್ಲಿ ಸೇತುವಿಗೆ ತಿಥಿಯೇ ಮರೆತುಹೋಗಿತ್ತು. ಆದರೂ ಅವನು ಬಗ್ಗಲಿಲ್ಲ. "ಆಕಾಶ ಬಿದ್ರೂ ಊಟ ಹಾಕೇ ಕಳಿಸ್ತೀನಿ," ಎಂದ.

ಎದುರು ಮನೆಯ ಪಳನಿಯಪ್ಪನ್, ಅದೇ ಕಚೇರಿಯ ಗುಮಾಸ್ತ, "ಕವಲೈಪ್ಪಡಾದೆ ಸೇತು," ಎಂದು ತಮಿಳಿನಲ್ಲಿ ಧೈರ್ಯ ಹೇಳಿ, ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಕ್ಯಾರಿಯರಿನಲ್ಲಿ ಊಟ ತರುವ ಉಪಾಯ ಕೊಟ್ಟ.

"ಹೋಟೆಲ್ ಅನ್ನ ಹೊಸ್ತಿಲು ದಾಟಿದ್ರೆ ನಾನು ಬೀದೀಲಿ ಕೂರ್ತೀನಿ," ಎಂದಳು ತುಂಗಾಬಾಯಿ. ಸರಿ, ಜಗಲಿಯಲ್ಲೇ ಎಲೆ ಹಾಕುವುದೆಂದಾಯಿತು. ಆದರೆ ಕ್ಯಾರಿಯರ್ ಮುಟ್ಟಿದವನು ಒಳಗೆ ಹೋಗಬೇಕಾದರೆ ಸ್ನಾನ ಮಾಡಬೇಕು! ಮೊದಲನೆಯ ಕ್ಯಾರಿಯರ್ ಸೈಕಲ್ಲಿನಿಂದ ಬಿದ್ದು ಸಾಂಬಾರು ರಸ್ತೆಯ ಪಾಲಾಯಿತು. ಶರ್ಟು ಬದಲಾಯಿಸಲು ಒಂದು ಸ್ನಾನ. ಎರಡನೆಯದನ್ನು ತಂದಿಟ್ಟು ಚಾಪೆಗೆಂದು ಇನ್ನೊಂದು. ಮರೆತ ಲೋಟಕ್ಕಾಗಿ ಮತ್ತೊಂದು. ಗಂಟಲಿಗೆ ಹನಿ ನೀರಿಲ್ಲ, ಮೈಮೇಲೆ ಬಾವಿಯ ನೀರೆಲ್ಲ. ಒಂದು ಗಂಟೆಗೆ ಸಾಹೇಬರು ಬರುವಷ್ಟರಲ್ಲಿ ಅವನು ಹಿಂಡಿ ಹಾಕಿದ ಪಂಚೆಯಂತಾಗಿದ್ದ.

ಎಲೆ ನೋಡಿ ಸಾಹೇಬರ ಮುಖ ಕಪ್ಪಿಟ್ಟಿತು. "ಮಿಸ್ಟರ್ ಸೇತು, ಇವತ್ತು..."

"ಏನೂ ಹೇಳ್ಬೇಡಿ ಸಾರ್, ಕೂತ್ಕೊಳ್ಳಿ!"

"ಸ್ವಲ್ಪ ಸಾಕು..."

"ಎಲ್ಲಾದ್ರೂ ಉಂಟೇ!" ಸೇತು ಎರಡು ಸಲ ಅನ್ನ ಬಡಿಸಿದ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಪಾಯಸ ಸುರಿದ. "ಇನ್ನೊಂದು ವಡೆ ಹಾಕು ಸೇತು!" ಎಂದು ಪಳನಿಯಪ್ಪನ್ ಹುರಿದುಂಬಿಸಿದ. ಎಲೆ ಖಾಲಿಯಾಗುವವರೆಗೆ ಸಾಹೇಬರನ್ನು ಏಳಲು ಬಿಡಲಿಲ್ಲ. ಆಮೇಲೆ ಸೇತು ಕಂಬಕ್ಕೊರಗಿ ಕುಸಿದ. ಗೆದ್ದೆ ಎನ್ನಿಸಿತು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಎದ್ದರು.

"ನನಗೆ ಹೊಟ್ಟೆಹುಣ್ಣು, ಮಿಸ್ಟರ್ ಸೇತು. ಯಾವ ಗುಮಾಸ್ತನ ಮನೆಗೆ ಹೋದರೂ ತಿನ್ನಿಸಿ ಕೊಲ್ಲುತ್ತಾರೆ. ನಿಮ್ಮ ಮನೆಯಲ್ಲಿ ಏಕಾದಶಿ ಕಟ್ಟುನಿಟ್ಟು ಎಂದು ಪಳನಿಯಪ್ಪನ್ ಹೇಳಿದ್ದ. ಒಂದು ಮನೆಯಲ್ಲಾದರೂ ನೆಮ್ಮದಿಯಾಗಿ ಮಾತಾಡಿ ಬರೋಣವೆಂದು ಕ್ಯಾಲೆಂಡರ್ ನೋಡಿಯೇ ಈ ಭಾನುವಾರ ಗೊತ್ತುಮಾಡಿದ್ದೆ."

ಸೇತು ಪಳನಿಯಪ್ಪನ ಕಡೆ ನೋಡಿದ. ಅವನು ಕ್ಯಾರಿಯರ್ ಎತ್ತಿಕೊಂಡು ಆಗಲೇ ರಸ್ತೆ ದಾಟುತ್ತಿದ್ದ.

"ಆದರೂ ಒಂದು ಮಾತು ಒಪ್ಪಬೇಕು," ಎಂದರು ಸಾಹೇಬರು ಚಪ್ಪಲಿ ಮೆಟ್ಟುತ್ತ. "ಮನೆಯಲ್ಲಿ ಒಲೆಯಿಲ್ಲದಿದ್ದರೂ, ಉಣ್ಣುವವನು ಒಲ್ಲೆನೆಂದರೂ ಹಿಡಿದ ಕೆಲಸ ಬಿಡದ ಮನುಷ್ಯ ನೀವು. ಪಾಲಮಲೆಗೆ ಇಂಥ ಹಠಗಾರನೇ ಬೇಕು. ನಾಳೆಯೇ ಹೊರಡುತ್ತೀರಲ್ಲ?"

"ಧಾರಾಳವಾಗಿ," ಎಂದಿತು ಸೇತುವಿನ ಬಾಯಿ.

ಒಳಗಿನಿಂದ ತುಂಗಾಬಾಯಿ ಕೂಗಿದಳು: "ಎಂಜಲೆಲೆ ಎತ್ತಿ ಇನ್ನೊಂದ್ಸಲ ಸ್ನಾನ ಮಾಡಿ ಬಾ, ಸೇತು!"